ವಲೇರಿಯನನ ಲಾಗ ಮತ್ತು ನನ್ನ ಎರಡು ಕೈ

ಹೋದ ತಿಂಗಳು ಮಗಳ ಜತೆ ಕಾಪುವಿನ ಕಡಲ ಬದಿಯಲ್ಲಿ ನಡೆಯುತ್ತಿದ್ದೆ. ದೀಪಸ್ತಂಭದಿಂದ ಸ್ವಲ್ಪ ಈಚೆ ಯಾರೋ ಹಳೆಯ ಬಲೆಯೊಂದನ್ನು ಬೈಹುಲ್ಲಿನ ರಾಶಿಯ ಮೇಲೆ ಹರಡಿದ್ದರು. ಮಳೆ ಬಂದು ಎರಡೂ ಒದ್ದೆಯಾಗಿದ್ದವು. ಉಪ್ಪು, ಮೀನು, ಕೊಳೆಯಲು ಹೊರಟ ಹುಲ್ಲು, ಮೂರೂ ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಎರಡೂ ಕೈಗಳು ತಾವಾಗಿ ಎದೆಯ ಎತ್ತರಕ್ಕೆ ಎದ್ದು, ಅಂಗೈ ಮೇಲೆ ಮಾಡಿಕೊಂಡು ನಿಂತವು.

“ಎಂತ ಮಮ್ಮಿ? ಯಾರನ್ನು ಹಿಡೀಲಿಕ್ಕೆ?” ಎಂದು ಮಗಳು ನಕ್ಕಳು.

ಯಾರನ್ನು ಎಂದು ಅವಳಿಗೂ ಗೊತ್ತು. ಹಿಡಿದೆನೋ ಕೆಡವಿದೆನೋ ಎಂಬುದು ಮಾತ್ರ ನನಗೆ ಇವತ್ತಿಗೂ ಗೊತ್ತಿಲ್ಲ.

ಅದು ಅರವತ್ತರ ದಶಕದ ನಡುವಿನ ಒಂದು ವರ್ಷ. ನಾನು ಮದರಾಸಿನಲ್ಲಿ ವ್ಯಾಯಾಮ ಶಿಕ್ಷಣದ ತರಬೇತಿ ಮುಗಿಸಿ ಬಂದು, ಕಾರ್ಕಳದ ಹುಡುಗಿಯರ ಶಾಲೆಯೊಂದರಲ್ಲಿ ಡ್ರಿಲ್ ಟೀಚರಾಗಿ ಸೇರಿದ್ದೆ. ಆಗ ಹುಡುಗಿಯರಿಗೆ ಡ್ರಿಲ್ ಎಂದರೆ ಸೀರೆಯುಟ್ಟ ಟೀಚರು ಸೀಟಿ ಊದುವುದು, ಲಂಗದ ಹುಡುಗಿಯರು ಕೈ ಮೇಲೆ ಕೆಳಗೆ ಮಾಡುವುದು, ಅಷ್ಟೇ. ಯಾರಾದರೂ ಸ್ವಲ್ಪ ಎತ್ತರ ಹಾರಿದರೆ ಹೆಡ್‌ಮಿಸ್ಟ್ರೆಸ್ ಕಿಟಕಿಯಲ್ಲಿ ಕಾಣಿಸಿಕೊಳ್ಳುತ್ತಿದ್ದರು. ನಾನು ಕಲಿತ ವಿದ್ಯೆ ಅಟ್ಟದ ಮೇಲಿಟ್ಟ ಹಂಡೆಯ ಹಾಗೆ, ಇತ್ತು, ಆದರೆ ಇಳಿಸುವ ಸಂದರ್ಭ ಬರುತ್ತಿರಲಿಲ್ಲ.

ಮದರಾಸಿನಲ್ಲಿ ನಮಗೆ ಪಾಠ ಮಾಡಿದ ಮೇಷ್ಟ್ರಿಗೆ ಕಸರತ್ತಿನ ಸ್ಪರ್ಧೆಗಳ ಚರಿತ್ರೆ ಹೇಳುವುದೆಂದರೆ ಹಬ್ಬ. ಸಿಂಗಲ್ ಬಾರಿನಿಂದ, ಎಂದರೆ ಎರಡು ಕಂಬಗಳ ಮೇಲೆ ಅಡ್ಡ ಕೂರಿಸಿದ ಸರಳಿನಿಂದ, ಬರಿದೇ ಹಾರಿ ಇಳಿಯುವುದೇ ದೊಡ್ಡ ಧೈರ್ಯವಾಗಿದ್ದ ಕಾಲ ಒಂದಿತ್ತಂತೆ. ಆಮೇಲೆ ಕೈ ನೆಟ್ಟಗಿಟ್ಟು ಬಾರಿಗೆ ಪೂರ್ತಿ ಸುತ್ತು ಬರುವವರು ಹುಟ್ಟಿದರು. ಸುತ್ತುತ್ತಾ ಸುತ್ತುತ್ತಾ ಕೈಬಿಟ್ಟು, ಗಾಳಿಯಲ್ಲಿ ಲಾಗ ಹಾಕಿ ನೆಲಕ್ಕೆ ನಿಲ್ಲುವವರು ಅದರ ನಂತರ. “ಒಂದು ತಲೆಮಾರಿನವರು ಅಪಾಯ ಅಂದದ್ದು ಮುಂದಿನವರಿಗೆ ಪಾಠವಾಗುತ್ತದೆ. ನಡುವೆ ಮುರಿದ ಕುತ್ತಿಗೆಗಳ ಲೆಕ್ಕ ಯಾರೂ ಬರೆದಿಡುವುದಿಲ್ಲ” ಎನ್ನುತ್ತಿದ್ದರು ಅವರು. ಹಾಗಾಗಿ ನಮಗೆ ಲಾಗ ಹಾಕಲಿಕ್ಕಿಂತ ಹೆಚ್ಚಾಗಿ ಲಾಗ ಹಾಕುವವರನ್ನು ಹಿಡಿಯಲಿಕ್ಕೆ ಕಲಿಸಿದರು. ಒಂದು ಕೈ ಬೆನ್ನಿನ ಕೆಳಗೆ, ಒಂದು ಕೈ ಹೊಟ್ಟೆಯ ಮುಂದೆ. ಮೈಯ ಜತೆಗೇ ಹೋಗಬೇಕು, ಆದರೆ ಬೀಳುವ ತನಕ ಮುಟ್ಟಬಾರದು. ಸ್ಪರ್ಧೆಯಲ್ಲಿ ಮುಟ್ಟಿದರೆ ಮಾರ್ಕು ಕಡಿಯುತ್ತಾರೆ. ಮುಟ್ಟದೆ ಹಿಡಿಯುವುದು ಹೇಗೆ ಎಂದು ನಾನು ಕೇಳಿದ್ದಕ್ಕೆ, “ಮದುವೆಯಾದ ಮೇಲೆ ಗೊತ್ತಾಗುತ್ತದೆ” ಎಂದು ಮೇಷ್ಟ್ರು ತಮಾಷೆ ಮಾಡಿದ್ದರು. ಆ ತಮಾಷೆ ನನಗೆ ಆಗ ಅರ್ಥವಾಗಿರಲಿಲ್ಲ. ಈಗಲೂ ಪೂರ್ತಿ ಆಗಿದೆ ಎಂದು ಹೇಳಲಾರೆ.

ಸೆಪ್ಟೆಂಬರಿನ ತೆನೆಹಬ್ಬ ಮುಗಿದ ವಾರ ನನಗೊಂದು ಸಂಬಂಧ ಬಂತು. ಹುಡುಗನ ಹೆಸರು ವಲೇರಿಯನ್. ಮನೆ ಕಾಪು, ಕೆಲಸ ಮಣಿಪಾಲದ ಒಂದು ಆಫೀಸಿನಲ್ಲಿ ಗುಮಾಸ್ತಿಕೆ. ತಂದೆಯಿಲ್ಲ, ತಾಯಿಗೆ ಒಬ್ಬನೇ ಮಗ. ಹೆಣ್ಣು ನೋಡಲು ಬಂದವರು ನಮ್ಮ ಚಾವಡಿಯಲ್ಲಿ ಕೂತಿದ್ದಾಗ, ಅಷ್ಟು ಹೊತ್ತು ಬಾಯಿ ಬಿಡದಿದ್ದ ಹುಡುಗ ನಾನು ಕಾಫಿ ಕೊಡುವಾಗ ತಲೆಯೆತ್ತಿ ಕೇಳಿದ: “ನೀವು ಲಾಗ ಹಾಕುವವರನ್ನು ಹಿಡಿಯಲಿಕ್ಕೆ ಕಲಿತಿದ್ದೀರಂತೆ. ಹೌದಾ?”

ನನ್ನ ಚಿಕ್ಕಮ್ಮ ಶಿಲುಬೆಯ ಗುರುತು ಹಾಕಿಕೊಂಡರು. ನಾನು ಹೌದು ಎಂದೆ. ಅವನು ನಿಟ್ಟುಸಿರು ಬಿಟ್ಟು ಕಾಫಿ ಕುಡಿದ. ಮರುದಿನ ಒಪ್ಪಿಗೆ ಬಂತು. ಕ್ರಿಸ್ಮಸ್ ಕಳೆದು ಜನವರಿಯಲ್ಲಿ ಮದುವೆ ಎಂದಾಯಿತು. ಈ ಮನುಷ್ಯನಿಗೆ ಬೇಕಾದದ್ದು ಹೆಂಡತಿಯೋ, ಹಿಡಿಯುವವಳೋ ಎಂಬ ಗೊಂದಲ ಹಿಡಿದದ್ದು ಅಂದಿನಿಂದ.

ಸಂಗತಿ ಹೀಗಿತ್ತು. ಉಡುಪಿಯ ಒಂದು ವ್ಯಾಯಾಮಶಾಲೆಯಲ್ಲಿ ಅವನು ದಿನಾ ಸಂಜೆ ಸಿಂಗಲ್ ಬಾರ್ ಮಾಡುತ್ತಿದ್ದ. ಆಫೀಸು ಬಿಟ್ಟದ್ದೇ ಮಣಿಪಾಲದ ಗುಡ್ಡದಿಂದ ಸೈಕಲನ್ನು ಬ್ರೇಕು ಹಿಡಿಯದೆ ಇಳಿಸಿಕೊಂಡು ಬರುತ್ತಿದ್ದ. ನವೆಂಬರಿನಲ್ಲಿ ಜಿಲ್ಲಾ ಸ್ಪರ್ಧೆ, ಗೆದ್ದರೆ ರಾಜ್ಯದ ಸ್ಪರ್ಧೆಗೆ ಮೈಸೂರಿಗೆ. ಅದಕ್ಕಾಗಿ ನಮ್ಮ ಜಿಲ್ಲೆಯಲ್ಲಿ ಯಾರೂ ಮಾಡದ ಒಂದನ್ನು ಮಾಡಬೇಕೆಂದು ಹೊರಟಿದ್ದ: ಬಾರಿಗೆ ದೊಡ್ಡ ಸುತ್ತು ಬಂದು, ಮೇಲೇರುವಾಗ ಕೈಬಿಟ್ಟು, ಹಿಂದಕ್ಕೆ ಲಾಗ ಹಾಕಿ ನಿಲ್ಲುವುದು. ತಲೆ ಮೊದಲು ನೆಲ ಮುಟ್ಟಿದರೆ ಜನವರಿಯ ಮದುವೆಯ ಬದಲು ನವೆಂಬರಿನಲ್ಲೇ ಇಗರ್ಜಿಯ ಗಂಟೆ ಬೇರೆ ಥರ ಬಾರಿಸಬೇಕಿತ್ತು.

ಗುರು ಕೂಸಪ್ಪ ಮಾಸ್ಟ್ರು. ಒಂದು ಕಾಲದ ಗಟ್ಟಿ ಆಳು, ಆಗ ಎರಡೂ ಕಣ್ಣಿಗೆ ಪೊರೆ. ಶನಿವಾರ ಮಧ್ಯಾಹ್ನ ಕಾರ್ಕಳದಿಂದ ಬಸ್ಸು ಹತ್ತಿ ನಾನು ಅಲ್ಲಿಗೆ ಹೋದಾಗ ಅವರು ಮೊದಲು ಹೇಳಿದ ಮಾತು: “ಬನ್ನಿ ಟೀಚರ್. ಗಾಳಿಯಲ್ಲಿ ಹೋಗುವಾಗ ಇವನ ತಲೆ ಯಾವುದು, ಕಾಲು ಯಾವುದು ಅಂತ ನನಗೆ ಈಗ ಕಾಣುವುದಿಲ್ಲ. ನೀವೇ ದಿಕ್ಕು.”

ಒಳಗೆ ಹೋಗುವಂತಿರಲಿಲ್ಲ. ಗೋಡೆಯಲ್ಲಿ ಹನುಮಂತನ ಪಟ, ಕೆಳಗೆ ಲಂಗೋಟಿಯ ಗಂಡಸರು. ಹೆಂಗಸು ಆ ಹೊಸ್ತಿಲು ದಾಟಿದ ಉದಾಹರಣೆ ಇಲ್ಲ. ಮಾಸ್ಟ್ರು ಒಂದು ವಾರ ಯೋಚನೆ ಮಾಡಿ ಬಾರನ್ನೇ ಹೊರಗೆ ತಂದರು. ಅಂಗಳದಲ್ಲಿ ಎರಡು ಕಂಬ ನೆಟ್ಟು ಅದರ ಮೇಲೆ ಕಬ್ಬಿಣದ ಸರಳು ಕೂರಿಸಿದರು. ಎಲ್ಲರೂ ಬನಿಯನ್ ಹಾಕಬೇಕೆಂದು ಕಾನೂನು ಮಾಡಿದರು. ಹನುಮಂತ ಒಳಗೆ, ನಾನು ಹೊರಗೆ. ಇಬ್ಬರಿಗೂ ತಕರಾರಿಲ್ಲ ಎಂದು ಅವರ ತೀರ್ಮಾನ. ತಕರಾರು ಮಾಡಿದ್ದು ಮಳೆ. ಆ ವರ್ಷ ಅಕ್ಟೋಬರ್ ಕಳೆದರೂ ಸಂಜೆಯ ಗುಡುಗು ನಿಲ್ಲಲಿಲ್ಲ. ಹೊರಗಿಟ್ಟ ಬಾರು ದಿನಾ ನೆನೆಯುತ್ತಿತ್ತು. ಅದನ್ನು ಒರೆಸಿ, ಮರಳು ತಿಕ್ಕಿ, ವಲೇರಿಯನ್ ಹತ್ತುವಷ್ಟರಲ್ಲಿ ಪಡುವಣದಲ್ಲಿ ಮತ್ತೆ ಮೋಡ.

ಲಾಗವನ್ನು ಅವನು ಯಾರಿಂದಲೂ ಕಲಿತಿರಲಿಲ್ಲ. ಹಳೆಯ ಇಂಗ್ಲಿಷ್ ವಾರಪತ್ರಿಕೆಯಲ್ಲಿ ಬಂದ ಒಂದು ಚಿತ್ರ, ಅದೇ ಅವನ ಗುರು. ಜಪಾನಿನವನೊಬ್ಬ ಬಾರಿನ ಮೇಲೆ ಗಾಳಿಯಲ್ಲಿದ್ದಾನೆ. ಕಾಲು ಆಕಾಶಕ್ಕೆ, ಕೈ ಅಗಲ. ಒಂದೇ ಚಿತ್ರ. ಅವನು ಎಲ್ಲಿಂದ ಬಂದ, ಎಲ್ಲಿಗೆ ಹೋದ, ಒಂದೂ ಇಲ್ಲ. ವಲೇರಿಯನ್ ಹಿಂದಕ್ಕೆ ತಿರುಗುತ್ತಿದ್ದಾನೆ ಎನ್ನುತ್ತಿದ್ದ. ಮಾಸ್ಟ್ರು ಚಿತ್ರವನ್ನು ಮೂಗಿಗೆ ತಾಗಿಸಿ ನೋಡಿ ಮುಂದಕ್ಕೆ ಎನ್ನುತ್ತಿದ್ದರು. ನಾನು ಕೂದಲು ಯಾವ ಕಡೆ ಹಾರಿದೆ ನೋಡೋಣ ಎಂದೆ. ಆ ಪುಣ್ಯಾತ್ಮ ಕೂದಲನ್ನು ಗಿಡ್ಡ ಕತ್ತರಿಸಿಕೊಂಡಿದ್ದ.

“ಮೇಲೆ ಹೋಗ್ತಿದ್ದಾನಾ, ಕೆಳಗೆ ಬರ್ತಿದ್ದಾನಾ, ಅದಾದರೂ ಹೇಳಿ ಟೀಚರ್” ಎಂದರು ಮಾಸ್ಟ್ರು.

ನಾನು ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿದೆ. ಹೇಳಲಾಗಲಿಲ್ಲ. ಮದರಾಸಿನಲ್ಲಿ ನಾನು ಕಂಡ ಇಳಿಕೆ ಹಿಂದಕ್ಕೆ ತಿರುಗುವಂಥದ್ದು, ಹಾಗಾಗಿ ಹಿಂದಕ್ಕೆ ಎಂದು ನಿಂತಿತು. ಒಬ್ಬ ಮನುಷ್ಯನ ಕುತ್ತಿಗೆಯನ್ನು ಇಂಥ ಊಹೆಯ ಮೇಲೆ ತೂಗುಹಾಕಿದ್ದೇವಲ್ಲ ಎಂದು ಬಸ್ಸಿನಲ್ಲಿ ಹಿರಿಯಡ್ಕದ ತನಕ ನನ್ನನ್ನೇ ಬೈದುಕೊಂಡೆ.

ಬೀಳುವ ಜಾಗಕ್ಕೆ ಏನು ಹಾಕುವುದು? ಗಾದಿ ತರಿಸುವ ತಾಕತ್ತು ವ್ಯಾಯಾಮಶಾಲೆಗಿಲ್ಲ. ವಲೇರಿಯನ್ ಕಾಪುವಿನಿಂದ ಒಂದು ತುಂಡು ಹಳೆಯ ರಂಪಣಿ ಬಲೆ ತಂದ, ಕಡಲಿನಿಂದ ದಡಕ್ಕೆ ಎಳೆಯುವ ದೊಡ್ಡ ಮೀನುಬಲೆಯದ್ದು. ಅವನ ನೆರೆಮನೆಯ ಮೀನುಗಾರರು, ಮೊಗವೀರರು, ಕೊಟ್ಟದ್ದು. ಹೊಸ ಬೆಳೆಯ ಬೈಹುಲ್ಲನ್ನು ಸೊಂಟದೆತ್ತರ ರಾಶಿ ಹಾಕಿ, ಅದರ ಮೇಲೆ ಬಲೆಯನ್ನು ಗೂಟಗಳಿಗೆ ಬಿಗಿದು ಕಟ್ಟಿದ. ದಿನಾ ಸಂಜೆ ಅವನು ಅದರ ಮೇಲೆ ಬೀಳುತ್ತಿದ್ದ. ಮೊದಮೊದಲು ಮೂಟೆಯ ಹಾಗೆ, ಆಮೇಲೆ ಸಲೀಸಾಗಿ. ಬಿದ್ದವನೇ ಬಲೆಯಲ್ಲಿ ಮಲಗಿಕೊಂಡು ನಗುತ್ತಿದ್ದ. ಮೀನಿನ ವಾಸನೆ ಬರುತ್ತಿತ್ತು. “ಬಂಗುಡೆ ಬಿತ್ತು!” ಎಂದು ಉಳಿದ ಹುಡುಗರು ಬೊಬ್ಬೆ ಹಾಕುತ್ತಿದ್ದರು.

ನಾನು ಶನಿವಾರಗಳಲ್ಲಿ ಪಕ್ಕದಲ್ಲಿ ನಿಂತು ಕೈ ಎತ್ತುತ್ತಿದ್ದೆ. ರಸ್ತೆಯಲ್ಲಿ ಎದುರಾದರೆ ಅವನು ನನಗೆ ‘ನೀವು’. ಬಾರಿನ ಕೆಳಗೆ ನಾನು ಟೀಚರು, ಅವನು ‘ನೀನು’. “ಮೊಣಕಾಲು ಮಡಚಬೇಡ! ಯಾರು ಹೇಳಿದ್ದು ನಿನಗೆ ಈಗಲೇ ಕೈಬಿಡಲಿಕ್ಕೆ?” ಎಂದು ಗದರುತ್ತಿದ್ದೆ. ಅವನಿಗೆ ಅದು ಇಷ್ಟ ಇತ್ತು ಎಂದು ಕಾಣುತ್ತದೆ. ನನಗೂ ಇಷ್ಟವಿತ್ತು. ಮುಚ್ಚಿಡುವುದೆಂತಕ್ಕೆ, ವಾರವಿಡೀ ಶನಿವಾರಕ್ಕೆ ಕಾಯುತ್ತಿದ್ದೆ.

ಸುದ್ದಿ ಕಾಪು ತಲುಪದೆ ಇರುತ್ತದೆಯೇ? ಒಂದು ಶನಿವಾರ ಅವನ ತಾಯಿ ಬಂದರು. ನಾನಿನ್ನೂ ಸೊಸೆಯಾಗಿರದಿದ್ದರೂ ‘ಮಾಂಯ್’ ಎಂದೇ ಕರೆಯುತ್ತಿದ್ದೆ. ಕೊಡೆ ಮಡಚದೆ ಅಂಗಳದ ಮೂಲೆಯಲ್ಲಿ ನಿಂತು, ಮಗ ಸುತ್ತುವುದನ್ನೂ ನಾನು ಕೈಯೆತ್ತಿ ನಿಂತದ್ದನ್ನೂ ನೋಡಿದರು. ನಮ್ಮವರಲ್ಲಿ ನಿಶ್ಚಯವಾದ ಹುಡುಗ ಹುಡುಗಿ ಮದುವೆಯ ತನಕ ಎದುರುಬದುರು ನಿಲ್ಲುವುದೇ ಕಡಿಮೆ. ಹಾಗಿರುವಾಗ ಬೆನ್ನಿಗೊಂದು ಹೊಟ್ಟೆಗೊಂದು ಕೈ! ಅವರು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು. ಹೇಳಿದ್ದು ಕೊಂಕಣಿಯಲ್ಲಿ, ಬರೆಯುವುದು ಕನ್ನಡದಲ್ಲಿ, ಮಾತು ಮಾತ್ರ ಹಾಗೆಯೇ ನೆನಪುಂಟು.

“ನೋಡು ಸಿಸಿಲ್, ನೀನು ಹೇಗಾದರೂ ಮಾಡಿ ಅವನಿಗೆ ಇದನ್ನು ಬಿಡಿಸು.”

“ಬಿಡುವುದಿಲ್ಲ ಮಾಂಯ್.”

“ಬಿಡುವುದಿಲ್ಲವಾದರೆ ಸರಿಯಾಗಿ ಹಿಡಿ.”

“ಹಿಡಿಯುತ್ತೇನೆ ಮಾಂಯ್.”

“ಆದರೆ ಜನ ನೋಡುವಾಗ ಬೇಡ. ಸ್ಪರ್ಧೆಯ ದಿನ ನೀನು ನನ್ನ ಹತ್ತಿರ ಕೂರಬೇಕು.”

ಬಿಡಿಸು, ಹಿಡಿ, ಮುಟ್ಟಬೇಡ. ಮೂರರಲ್ಲಿ ಯಾವುದನ್ನು ಕೇಳಬೇಕೆಂದು ತಿಳಿಯದೆ ನಾನು ಮೂರಕ್ಕೂ ತಲೆಯಾಡಿಸಿದೆ.

ಸ್ಪರ್ಧೆಗೆ ಒಂದು ವಾರವಿತ್ತು. ಆ ದಿನ ಅವನು ಚೆಂದದ ಲಾಗ ಹಾಕಿದ, ಚೆಂದವಾಗಿ ಬಲೆಗೆ ಬಿದ್ದ, ಎಲ್ಲರೂ ಚಪ್ಪಾಳೆ ತಟ್ಟಿದರು. ಆಗ ನನಗೆ ಹೊಳೆಯಿತು: ಇವನು ಒಮ್ಮೆಯೂ ನಿಂತಿಲ್ಲ! ಇಷ್ಟು ದಿನ ಇವನು ಕಲಿತದ್ದು ಬೀಳಲಿಕ್ಕೆ. ಬಲೆ ಮೆತ್ತಗೆ ಎತ್ತಿಕೊಳ್ಳುತ್ತದೆಂದು ಇವನ ಮೈಗೆ ಗೊತ್ತು. ಕೈಬಿಡುವ ಮೊದಲೇ ತಲೆಯನ್ನು ಹಿಂದಕ್ಕೆ ಚೆಲ್ಲಿ ಬೆನ್ನನ್ನು ಹಾಸಿಬಿಡುತ್ತಾನೆ, ಹಾಸಿಗೆಗೆ ಹೋಗುವವನ ಹಾಗೆ. ಸ್ಪರ್ಧೆಯಲ್ಲಿರುವುದು ತೆಳ್ಳನೆಯ ನಾರಿನ ಚಾಪೆ. ಗಾದಿ ಇದ್ದ ಊರಿನವರಿಗೆ ಈ ತಪ್ಪು ಆಗುತ್ತಿರಲಿಲ್ಲ. ಕಡಲಿನವರಾದ ನಾವು ಬಲೆ ಹಾಕಿದೆವು, ಬಲೆಯಲ್ಲಿ ಸಿಕ್ಕಿದ್ದು ನಾವೇ.

ಬಲೆ ಬಿಚ್ಚಿಸಿದೆ. ಹುಲ್ಲನ್ನೂ ಸರಿಸಿ ಮರದ ಹುಡಿ ಹಾಸಿದೆವು. ಶಾಲೆಗೆ ರಜೆ ಹಾಕಿ ದಿನಾ ಬಂದೆ. ಅವನು ನಿಲ್ಲಲು ಕಲಿತ, ಆದರೆ ಪ್ರತಿಸಲವೂ ನನ್ನ ಎರಡು ಕೈಯ ಮೇಲೆ ಭಾರ ಹಾಕಿ. ಮುಟ್ಟದೆ ಇರೋಣವೆಂದು ಕೈ ಎಳೆದುಕೊಂಡರೆ ತಲೆ ಹಿಂದೆ ಹೋಗುತ್ತಿತ್ತು. ನನಗೆ ಹೆದರಿಕೆಯಾಗಿ ಮತ್ತೆ ಕೈ ಕೊಡುತ್ತಿದ್ದೆ. ಬಲೆ ಹೋಗಿ ಅದರ ಜಾಗದಲ್ಲಿ ನಾನು ಬಂದೆ, ಅಷ್ಟೇ.

“ಬಿಟ್ಟುಬಿಡು. ಬರಿಯ ಸುತ್ತು ಬಂದು ಇಳಿ. ಮೈಸೂರಿಗೆ ಮುಂದಿನ ವರ್ಷ ಹೋದರಾಯಿತು” ಎಂದೆ ಹಿಂದಿನ ಸಂಜೆ.

“ನೀನು ಕೆಳಗೆ ನಿಲ್ಲುವುದಾದರೆ ಮಾಡ್ತೇನೆ. ಇಲ್ಲದಿದ್ದರೂ ಮಾಡ್ತೇನೆ” ಎಂದ.

“ಮತ್ತೆ ನನ್ನನ್ನು ಕೇಳುವುದೆಂತಕ್ಕೆ?”

“ನಿಂತರೆ ಹೆದರಿಕೆ ಇಲ್ಲ. ನಿಲ್ಲದಿದ್ದರೆ ಹೆದರಿಕೆ ಉಂಟು. ಅಷ್ಟೇ ವ್ಯತ್ಯಾಸ.”

ಸಿಟ್ಟು ನೆತ್ತಿಗೇರಿ ಅವನ ಸೈಕಲಿಗೆ ಒಂದು ಒದ್ದು ಬಸ್‌ಸ್ಟ್ಯಾಂಡಿಗೆ ನಡೆದೆ. ಅಳುವೂ ಬಂತು. ಯಾತಕ್ಕೆ ಸಿಟ್ಟು, ಯಾತಕ್ಕೆ ಅಳು ಎಂದು ವಿಂಗಡಿಸಲು ಆಗಲಿಲ್ಲ.

ಸ್ಪರ್ಧೆ ಉಡುಪಿಯ ಒಂದು ಶಾಲೆಯ ಬಯಲಿನಲ್ಲಿ. ಬೆಳಿಗ್ಗೆ ಬಿದ್ದ ಮಳೆಗೆ ನೆಲ ಇನ್ನೂ ಕೆಂಪಗೆ ಒದ್ದೆಯಾಗಿತ್ತು. ಮಂಗಳೂರಿನಿಂದ ಬಂದ ತೀರ್ಪುಗಾರರು ಮೇಜಿನ ಹಿಂದೆ ಕೂತಿದ್ದರು. ನಾನು ಮುಂದಿನ ಸಾಲಿನಲ್ಲಿ ಮಾಂಯ್ ಪಕ್ಕ. ಅವರು ಒಂದು ಕೈಯಲ್ಲಿ ಜಪಸರ, ಇನ್ನೊಂದು ಕೈಯಲ್ಲಿ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದರು. ಬಾರಿನ ಕೆಳಗೆ ನಿಯಮದ ಪ್ರಕಾರ ಒಬ್ಬರು ನಿಲ್ಲಬಹುದು. ಕೂಸಪ್ಪ ಮಾಸ್ಟ್ರು ನಿಂತಿದ್ದರು, ಮುಖ ಸ್ವಲ್ಪ ಬೇರೆ ದಿಕ್ಕಿಗೆ ಮಾಡಿಕೊಂಡು.

ವಲೇರಿಯನ್ ಬಾರು ಹಿಡಿದ. ತೂಗಿದ, ಏರಿದ, ದೊಡ್ಡ ಸುತ್ತು ಸುರು ಮಾಡಿದ. ಅಂಥದ್ದನ್ನು ಕಂಡಿರದ ಜನ ಹೋ ಎಂದರು. ನನಗೆ ಮಾತ್ರ ಅವನ ತಲೆ ಕಂಡಿತು. ಸುತ್ತಿನಿಂದ ಸುತ್ತಿಗೆ ಅದು ಹಿಂದಕ್ಕೆ ಹಿಂದಕ್ಕೆ ಹೋಗುತ್ತಿತ್ತು.

“ನಿನ್ನ ಕೈ ಯಾಕೆ ಮೇಲೆ ಏಳ್ತದೆ?” ಎಂದರು ಮಾಂಯ್.

“ಬಲೆಗೆ ಬೀಳುವ ಹಾಗೆ ಹೋಗ್ತಿದ್ದಾನೆ ಮಾಂಯ್. ಕೆಳಗೆ ಬಲೆ ಇಲ್ಲ.”

ಮಣಿಕಟ್ಟು ಬಿಟ್ಟರು. ಬಿಟ್ಟದ್ದಲ್ಲ, ದೂಡಿದರು. “ಮತ್ತೆ ಕೂತದ್ದೆಂತಕ್ಕೆ? ಹೋಗು!”

ಸೀರೆಯ ನೆರಿಗೆ ಎತ್ತಿ ಹಿಡಿದು ಓಡಿದೆ. ನೆಲ ಜಾರುತ್ತಿತ್ತು. ಮಾಸ್ಟ್ರನ್ನು ತಳ್ಳಿದ್ದು ನೆನಪುಂಟು. ಬಾರು ಕಿರ್ ಎಂದದ್ದು ನೆನಪುಂಟು. ಅವನು ಕೈಬಿಟ್ಟ. ನಾನು ಅಂಗೈ ಎತ್ತಿದೆ. ಅವನ ಬೆನ್ನು ನನ್ನ ಕೈಗೆ ಬಂತು, ಅಥವಾ ನನ್ನ ಕೈ ಅವನ ಬೆನ್ನಿಗೆ ಹೋಯಿತು. ಮರುಕ್ಷಣ ಇಬ್ಬರೂ ಚಾಪೆಯಿಂದಾಚೆ ಕೆಸರಿನಲ್ಲಿ. ನನ್ನ ಬಲ ಭುಜದ ಕೀಲು ಕಳಚಿತ್ತು. ಅವನ ಮೈಗೆ ಒಂದು ಗೀರೂ ಇಲ್ಲ.

ಅವನು ಎದ್ದು ಕೂತು ಹೇಳಿದ ಮೊದಲ ಮಾತು ಇದು: “ನಾನು ನಿಂತಿದ್ದೆ! ಕಾಲು ಊರಿತ್ತು! ನೀನು ಮುಟ್ಟಿದ್ದರಿಂದ ಬಿದ್ದದ್ದು!”

ನಾನು ನೋವಿನಲ್ಲೂ ಕಿರುಚಿದೆ: “ಕಾಲಲ್ಲ, ಕುತ್ತಿಗೆ ಊರುತ್ತಿತ್ತು ನಿನ್ನದು!”

ತೀರ್ಪುಗಾರರು ತಮ್ಮೊಳಗೆ ಬಹಳ ಹೊತ್ತು ಚರ್ಚೆ ಮಾಡಿದರು. ಒಬ್ಬರು ಕಾಲು ಮೊದಲು ಎಂದರಂತೆ, ಇನ್ನೊಬ್ಬರು ಕೈ ಮೊದಲು ಎಂದರಂತೆ. ಮುಟ್ಟಿದ್ದಂತೂ ನಿಜವಾದ್ದರಿಂದ ಮಾರ್ಕು ಕಡಿದರು. ಮೈಸೂರಿಗೆ ಬೇರೆ ಯಾರೋ ಹೋದರು. ಮಾಸ್ಟ್ರನ್ನು ಕೇಳಿದರೆ, “ನನ್ನನ್ನು ಯಾರೋ ತಳ್ಳಿದ್ದು ಗೊತ್ತುಂಟು. ಅದರಿಂದ ಮೇಲೆ ನನಗೆ ಏನೂ ಗೊತ್ತಿಲ್ಲ ಮಾರಾಯ್ರೆ” ಎಂದುಬಿಟ್ಟರು.

ಉಡುಪಿಯ ಸ್ಟುಡಿಯೋದವರೊಬ್ಬರು ಆ ಹೊತ್ತಿಗೆ ಸರಿಯಾಗಿ ಫೋಟೋ ಹೊಡೆದಿದ್ದರು. ಇನ್ನು ಗೊತ್ತಾಗುತ್ತದೆ ಎಂದು ಇಬ್ಬರೂ ಕಾದೆವು. ಫೋಟೋದಲ್ಲಿ ಅವನು ಓರೆಯಾಗಿ ಗಾಳಿಯಲ್ಲಿದ್ದಾನೆ, ಕೆಳಗೆ ಬಾಯಿ ತೆರೆದ ನಾನು, ನನ್ನ ಎರಡೂ ಕೈ ಅವನ ಬೆನ್ನಿನಲ್ಲಿ. ಅವನ ಪಾದ ಇರಬೇಕಾದ ಜಾಗಕ್ಕೆ ಬಾರಿನ ಕಂಬ ಅಡ್ಡ ಬಂದಿದೆ. ಏಳುತ್ತಿದ್ದಾನೋ ಬೀಳುತ್ತಿದ್ದಾನೋ, ನಾನು ಎತ್ತುತ್ತಿದ್ದೇನೋ ಎಳೆಯುತ್ತಿದ್ದೇನೋ, ದೇವರೇ ಹೇಳಬೇಕು. ಆ ಜಪಾನಿನವನ ಚಿತ್ರದ ಗತಿಯೇ ನಮ್ಮದಕ್ಕೂ ಆಯಿತು. ಸ್ಟುಡಿಯೋದ ಗಾಜಿನ ಪೆಟ್ಟಿಗೆಯಲ್ಲಿ ಅದನ್ನು ಕಂಡು ನನ್ನ ಅಪ್ಪನ ಮುಖ ಕೆಂಪಾಯಿತು. ಮಾಂಯ್ ಮಾತ್ರ ಅದನ್ನು ಬಿಚ್ಚಿಸಿ ಮನೆಗೆ ತಂದು, “ಮದುವೆಯ ಫೋಟೋ ಇದೇ ಸಾಕು. ಹೇಗೂ ಹುಡುಗಿಯ ಕೈಯಲ್ಲಿ ಹುಡುಗ ಉಂಟಲ್ಲ” ಎಂದರು. ಜನವರಿಯಲ್ಲಿ ಭುಜಕ್ಕೆ ಪಟ್ಟಿ ಕಟ್ಟಿಕೊಂಡೇ ನಾನು ಇಗರ್ಜಿಯ ಅಲ್ತಾರಿನ ಮುಂದೆ ನಿಂತೆ.

ಅವನು ಮತ್ತೆ ಬಾರು ಹತ್ತಲಿಲ್ಲ. ಯಾಕೆಂದು ಕೇಳಿದರೆ ಪುರುಸೊತ್ತಿಲ್ಲ ಎನ್ನುತ್ತಿದ್ದ. ಆದರೆ ಆ ಜಗಳ ನಮ್ಮ ಮನೆಯಲ್ಲಿ ಉಪ್ಪಿನಕಾಯಿಯ ಭರಣಿಯ ಹಾಗೆ ಉಳಿಯಿತು. ಬೇಕೆನಿಸಿದಾಗ ಮುಚ್ಚಳ ತೆಗೆದರಾಯಿತು. ಸಾರಿಗೆ ಉಪ್ಪು ಕಡಿಮೆಯಾದರೆ, “ಅವತ್ತು ಮುಟ್ಟದಿದ್ದರೆ ನಾನು ಮೈಸೂರಿಗೆ ಹೋಗುತ್ತಿದ್ದೆ” ಎನ್ನುತ್ತಿದ್ದ. “ಬಸ್ಸಿನಲ್ಲಿ ಅಲ್ಲ, ಹೆಣದ ಪೆಟ್ಟಿಗೆಯಲ್ಲಿ ಹೋಗುತ್ತಿದ್ದೆ ನೀನು” ಎನ್ನುತ್ತಿದ್ದೆ ನಾನು. ಟೀವಿ ಬಂದ ಮೇಲೆ ಇಬ್ಬರೂ ಕೂತು ದೊಡ್ಡ ಸ್ಪರ್ಧೆಗಳನ್ನು ನೋಡಿದೆವು. ಅವನು ಜೀವ ಪಣಕ್ಕಿಟ್ಟ ಲಾಗವನ್ನು ಚಿಕ್ಕ ಚಿಕ್ಕ ಹುಡುಗಿಯರು ಆಕಳಿಸಿದಷ್ಟು ಸುಲಭವಾಗಿ ಹಾಕುತ್ತಿದ್ದರು. ಬಾರಿನ ಮೇಲೆಯೇ ನಿಂತು ಹಿಂದಕ್ಕೆ ಹಾರುವಂಥದ್ದನ್ನು, ಕುತ್ತಿಗೆಯ ಮೇಲೆ ಉರುಳಿ ಇಳಿಯುವಂಥದ್ದನ್ನು ಆಮೇಲಾಮೇಲೆ ಬೇಡವೆಂದು ನಿಲ್ಲಿಸಿದರು ಎಂದೂ ಓದಿದೆ. ಯಾವುದು ಪಾಠ, ಯಾವುದು ಅಪಾಯ ಎಂದು ಆ ದೊಡ್ಡವರಿಗೂ ಗೊಂದಲವೇ ಇದ್ದಿರಬೇಕು ಎಂದು ಸ್ವಲ್ಪ ಸಮಾಧಾನವಾಯಿತು.

ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ಅವನು ಹಾಸಿಗೆ ಹಿಡಿದ. ಕೊನೆಯ ವಾರ ಮಾತು ಕಡಿಮೆಯಾಗಿತ್ತು, ಹೇಳಿದ್ದರಲ್ಲಿ ಅರ್ಧ ಅರ್ಥವಾಗುತ್ತಿರಲಿಲ್ಲ. ಒಂದು ಸಂಜೆ ಹೊದಿಕೆ ಬದಲಿಸಲೆಂದು ಅವನನ್ನು ಸ್ವಲ್ಪ ಎತ್ತಬೇಕಾಯಿತು. ಒಂದು ಕೈ ಬೆನ್ನಿನ ಕೆಳಗೆ ಹಾಕಿದೆ, ಇನ್ನೊಂದು ಹೊಟ್ಟೆಯ ಮೇಲೆ ಇಟ್ಟೆ. ಅವನು ಕಣ್ಣು ತೆರೆದು ನನ್ನನ್ನೇ ನೋಡಿದ.

“ಮುಟ್ಟಬೇಡ ಮಾರಾಯ್ತಿ” ಎಂದ. “ಮಾರ್ಕು ಹೋಗ್ತದೆ.”

ಅದು ತಮಾಷೆಯೋ, ಜ್ವರದ ಮಂಪರಿನಲ್ಲಿ ಅವನು ನಿಜವಾಗಿ ಆ ಬಾರಿನ ಮೇಲೆಯೇ ಇದ್ದನೋ, ನನಗೆ ಗೊತ್ತಾಗಲಿಲ್ಲ. ಹೋದರೆ ಹೋಗಲಿ ಎಂದೆ. ಕೈ ತೆಗೆಯಲಿಲ್ಲ.